10×10 ಅಡಿ ಕೋಣೆಗೆ ಎಂಟು ಸಾವಿರದೊಳಗೆ ಯಾವ ಸ್ಟೀರಿಯೊ ಆಂಪ್ಲಿಫಯರ್ ತಗೊಳ್ಳಲಿ?

ನೀವು ಬರೆದಿರೋದು ಇಷ್ಟು: ಕೋಣೆ 10×10 ಅಡಿ. 8 ಓಮ್, 86 ಡಿಬಿಯ ಬುಕ್‌ಶೆಲ್ಫ್ ಸ್ಪೀಕರ್ ಜೋಡಿ ಮನೇಲಿ ಆಗಲೇ ಇದೆ. ಫೋನು, ಟಿವಿ ಎರಡೂ ಸೇರಬೇಕು. ಕೈಯಲ್ಲಿರೋದು ಎಂಟು ಸಾವಿರ. ಸೆಕೆಂಡ್ ಹ್ಯಾಂಡ್ ದೊಡ್ಡದಾದರೂ ಆಗಬಹುದಾ ಅನ್ನೋದು ಒಂದು ಪ್ರಶ್ನೆ. ಅಂಗಡಿಯವರು "100+100 ವ್ಯಾಟ್‌ಗಿಂತ ಕಮ್ಮಿ ತಗೊಂಡ್ರೆ ದುಡ್ಡು ದಂಡ" ಅಂದರಂತೆ, ಅದು ನಿಜಾನಾ ಅಂತ ಕೇಳಿದ್ದೀರಿ.

ನಿಜ ಅಲ್ಲ. ನಿಮ್ಮ ಕೋಣೆಗೆ ಚಾನೆಲ್‌ಗೆ, ಅಂದರೆ ಎಡ ಬಲ ಒಂದೊಂದು ಸ್ಪೀಕರಿಗೆ, 20 ಅಸಲಿ ವ್ಯಾಟ್ ಧಾರಾಳ. ಆದರೆ ಡಬ್ಬದ ಮೇಲೆ 100 ಅಂತ ಅಚ್ಚಾಗಿರೋ ಎಷ್ಟೋ ಆಂಪ್ಲಿಫಯರ್‌ಗಳಲ್ಲಿ ಆ 20 ಕೂಡ ಇರಲ್ಲ.

ಮೊದಲು ಎಷ್ಟು ಬೇಕು ಅನ್ನೋದರ ಲೆಕ್ಕ. 86 ಡಿಬಿ ಅಂದರೆ, ಸ್ಪೀಕರ್‌ಗೆ ಒಂದು ವ್ಯಾಟ್ ಕೊಟ್ಟು ಒಂದು ಮೀಟರ್ ದೂರದಲ್ಲಿ ಅಳೆದಾಗ ಸಿಗೋ ಸದ್ದು. ನೀವು ಕೂರೋದು ಆರಡಿ ದೂರದಲ್ಲಿ ಅಂದುಕೊಳ್ಳೋಣ, ಅಂದರೆ ಸುಮಾರು 1.8 ಮೀಟರ್. ಅಷ್ಟರಲ್ಲಿ 5 ಡಿಬಿ ಇಳಿಯುತ್ತೆ. ಸ್ಪೀಕರ್ ಎರಡಿರೋದರಿಂದ 3 ಡಿಬಿ ವಾಪಸ್ ಬರುತ್ತೆ. ಅಲ್ಲಿಗೆ 84. ಗೋಡೆಗೆ ಬಡಿದು ತಿರುಗಿ ಬರೋ ಸದ್ದನ್ನ ಲೆಕ್ಕಕ್ಕೇ ಹಿಡಿದಿಲ್ಲ. ಸರಾಸರಿ 75 ಡಿಬಿಯಲ್ಲಿ ಹಾಡು ಕೇಳಿದರೆ ಪಕ್ಕದಲ್ಲಿ ಕೂತವರ ಜೊತೆ ದನಿ ಏರಿಸಿಯೇ ಮಾತಾಡಬೇಕು, ಅಷ್ಟು ಜೋರು. ಅದಕ್ಕೆ ಬೇಕಾಗೋದು ಒಂದು ವ್ಯಾಟಿನ ಎಂಟನೇ ಒಂದು ಪಾಲು! ನಡುವೆ ಚಂಡೆಯದೋ ಡ್ರಮ್ಮಿನದೋ ಒಂದು ಪೆಟ್ಟು 20 ಡಿಬಿ ಮೇಲಕ್ಕೆ ಹಾರಿ 95 ಮುಟ್ಟಿತು ಅಂದರೂ ಆ ಕ್ಷಣಕ್ಕೆ 13 ವ್ಯಾಟ್ ಸಾಕು. 20 ವ್ಯಾಟಿನ ಜಾಗದಲ್ಲಿ ನಿಜವಾದ 100 ವ್ಯಾಟ್ ಇಟ್ಟರೆ ಹೆಚ್ಚಾಗೋದು 7 ಡಿಬಿ. ಕಿವಿಗೆ ಸದ್ದು ದುಪ್ಪಟ್ಟು ಅನಿಸೋಕೆ ಸುಮಾರು 10 ಡಿಬಿ ಬೇಕು. ಅಂದರೆ ಐದು ಪಟ್ಟು ವ್ಯಾಟ್ ಕೊಂಡರೂ ಸದ್ದು ದುಪ್ಪಟ್ಟಾಗಲ್ಲ.

ಈಗ ಡಬ್ಬದ ಮೇಲಿನ ಸುಳ್ಳನ್ನ ಹಿಡಿಯೋದು ಹೇಗೆ ಅನ್ನೋದು. ಅಗ್ಗದ ಸಣ್ಣ ಆಂಪ್ಲಿಫಯರ್‌ಗಳಲ್ಲಿ ಬಹುಪಾಲು ಇವತ್ತು ಕ್ಲಾಸ್ ಡಿ, ಅಂದರೆ ಕರೆಂಟನ್ನ ಅತಿ ವೇಗವಾಗಿ ಆನ್-ಆಫ್ ಮಾಡಿ ಸದ್ದು ಹೊರಡಿಸೋ ಬಗೆ. ಒಳಗೆ ಸಾಮಾನ್ಯವಾಗಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಟಿಪಿಎ3116 ಚಿಪ್ ಇರುತ್ತೆ, ಇಲ್ಲಾ ಅದರ ದೊಡ್ಡಣ್ಣ ಟಿಪಿಎ3255. ಕರೆಂಟು ಹೊರಗಿನ ಅಡಾಪ್ಟರ್‌ನಿಂದ. ಹಾಗಾಗಿ ವ್ಯಾಟ್ ಎಷ್ಟು ಅಂತ ಅಡಾಪ್ಟರ್‌ನ ಚೀಟಿ ಓದಿದರೇ ಗೊತ್ತಾಗುತ್ತೆ. ವೋಲ್ಟನ್ನ ವೋಲ್ಟಿಂದಲೇ ಗುಣಿಸಿ, ಸ್ಪೀಕರಿನ ಓಮ್‌ನ ಎರಡರಷ್ಟರಿಂದ ಭಾಗಿಸಿ. 12 ವೋಲ್ಟಿನ ಅಡಾಪ್ಟರ್, 8 ಓಮ್ ಸ್ಪೀಕರ್: 144 ಭಾಗಿಸು 16, ಒಂಬತ್ತು ವ್ಯಾಟ್. 19 ವೋಲ್ಟಿಗೆ 22, 24ಕ್ಕೆ 36, 32ಕ್ಕೆ 64. ಇದು ಸದ್ದು ಒಡೆಯೋ ಮುಂಚಿನ ಗರಿಷ್ಠ. ಒಳಗಿನ ನಷ್ಟ ಕಳೆದರೆ ಇನ್ನೊಂದಿಷ್ಟು ಕಮ್ಮಿಯೇ. ಆಮೇಲೆ ವೋಲ್ಟನ್ನ ಆಂಪಿಯರ್‌ನಿಂದ ಗುಣಿಸಿ: 24 ವೋಲ್ಟ್, 4.5 ಆಂಪಿಯರ್ ಅಂದರೆ ಒಟ್ಟು 108 ವ್ಯಾಟ್. ಎರಡೂ ಚಾನೆಲ್ ಸೇರಿ ಒಂದೇ ಸಮನೆ ಅದಕ್ಕಿಂತ ಹೆಚ್ಚು ಕೊಡೋಕೆ ಸಾಧ್ಯವೇ ಇಲ್ಲ, ಡಬ್ಬದ ಮೇಲೆ ಏನೇ ಬರೆದಿರಲಿ. 12 ವೋಲ್ಟ್ 2 ಆಂಪಿಯರ್ ಅಡಾಪ್ಟರ್ ಕೊಟ್ಟು "200 ವ್ಯಾಟ್" ಅಂದರೆ ನಕ್ಕು ಮುಂದಿನ ಅಂಗಡಿಗೆ ಹೋಗಿ.

ಚಿಪ್ಪಿನ ಹೆಸರಲ್ಲೂ ಒಂದು ಆಟ ಇದೆ. 3116ಕ್ಕೆ 50+50 ವ್ಯಾಟ್ ಅಂತ ಕಂಪನಿಯೇ ಬರೆಯುತ್ತೆ, ಸುಳ್ಳಲ್ಲ. ಆದರೆ ಅದು 21 ವೋಲ್ಟಲ್ಲಿ, 4 ಓಮ್ ಸ್ಪೀಕರ್‌ಗೆ, ಸದ್ದು ಶೇಕಡ 10ರಷ್ಟು ಕೆಟ್ಟಿರೋವಾಗ ಸಿಗೋ ಲೆಕ್ಕ. ಶೇಕಡ 10 ಅಂದರೆ ಗಾಯಕಿಯ ಕಂಠ ತಗಡಿನ ಹಾಗೆ ಕೇಳೋ ಹಂತ. ಶುದ್ಧವಾಗಿ ಬರೋದು ಅದರಲ್ಲಿ ಐದರಲ್ಲಿ ನಾಲ್ಕು ಪಾಲು. ಪಿಎಂಪಿಒ (ಕ್ಷಣಮಾತ್ರದ ಗರಿಷ್ಠ ಅಂತ ಉಬ್ಬಿಸಿ ಹೇಳೋ ಲೆಕ್ಕ) ಅಂತ ಬರೆದಿರೋ ಸಂಖ್ಯೆಗೆ ಬೆಲೆಯೇ ಕೊಡಬೇಡಿ.

ಹಾಗಾದರೆ ಏನು ತಗೊಳ್ಳಬೇಕು? ನಿಮ್ಮ ಜಾಗದಲ್ಲಿ ನಾನಿದ್ದರೆ 3116 ಚಿಪ್ಪಿನ, ಬ್ಲೂಟೂತ್ ಇರೋ, ಬೇಸ್-ಟ್ರೆಬಲ್ ತಿರುಪುಗಳಿರೋ ಒಂದನ್ನ 24 ವೋಲ್ಟಿನ ಅಡಾಪ್ಟರ್ ಜೊತೆ ತಗೊಳ್ತಿದ್ದೆ. ಫೋಸಿ ಅನ್ನೋ ಕಂಪನಿಯ ಬಿಟಿ20ಎ ಈ ಜಾತಿಯದು, ಇದೇ ಥರದ್ದು ಬೇರೆ ಹೆಸರಲ್ಲೂ ಸಿಗುತ್ತೆ. ಅದೇ ಕಂಪನಿಯ ವಿ3 3255 ಚಿಪ್ಪಿನದು, 32 ಅಥವಾ 48 ವೋಲ್ಟಲ್ಲಿ ಓಡುತ್ತೆ. ಒಳ್ಳೇದೇ, ಆದರೆ ಬ್ಲೂಟೂತ್ ಇಲ್ಲ, ನಿಮ್ಮ ಕೋಣೆಗೆ ಆ ಶಕ್ತಿ ಬೇಕಾಗಿಯೂ ಇಲ್ಲ. ಉಳಿದ ದುಡ್ಡು ತಂತಿಗೆ, ಸ್ಟ್ಯಾಂಡಿಗೆ ಹೋಗಲಿ.

ಬೆಂಗಳೂರಲ್ಲಿದ್ದರೆ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡಲ್ಲಿ ಬರೀ ಬೋರ್ಡ್ ತಂದು ಡಬ್ಬಿಗೆ ಹಾಕೋ ಆಸೆ ಹುಟ್ಟುತ್ತೆ. 3116ರ ಬೋರ್ಡ್ ಆದರೆ ಮಾಡಿ, ಆದರೆ ಕರೆಂಟು ಒಳಬರೋ ಜಾಗದ ದೊಡ್ಡ ಕೆಪಾಸಿಟರ್ ಮೇಲೆ ಏನು ಬರೆದಿದೆ ನೋಡಿ. 25 ವೋಲ್ಟ್ ಅಂತಿದ್ದರೆ 24 ವೋಲ್ಟಿನ ಅಡಾಪ್ಟರ್ ಹಾಕಬೇಡಿ, ಕೆಲವೇ ತಿಂಗಳಲ್ಲಿ ತಲೆ ಉಬ್ಬಬಹುದು. 35 ವೋಲ್ಟಿನದ್ದು ಇರಬೇಕು, ಇಲ್ಲಾ 19 ವೋಲ್ಟಿನ ಲ್ಯಾಪ್‌ಟಾಪ್ ಚಾರ್ಜರ್‌ಗೇ ನಿಲ್ಲಿಸಿ. 65 ವ್ಯಾಟಿನ ಚಾರ್ಜರ್ (19 ವೋಲ್ಟ್, 3.42 ಆಂಪಿಯರ್) 22+22 ವ್ಯಾಟಿಗೆ ಸಾಕಾಗುತ್ತೆ. ಅಲ್ಲೇ ಸಿಗೋ 4440 ಐಸಿ ಬೋರ್ಡಿನ ವಿಚಾರಕ್ಕೆ ಹೋಗಬೇಡಿ. ಅದು ಕಾರಿನ 13 ವೋಲ್ಟಿಗೆ ಮಾಡಿದ್ದು, ಸ್ಟೀರಿಯೊದಲ್ಲಿ 4 ಓಮ್‌ಗೆ ಚಾನೆಲ್‌ಗೆ ಆರು ವ್ಯಾಟ್ ಅಷ್ಟೇ. ಆಟೋದಲ್ಲಿ ಹಾಡು ಹಾಕೋಕೆ ಲಾಯಕ್ಕು. ಸಭೆಗೆ ಹಾಕೋ ಪಿಎ ಆಂಪ್ಲಿಫಯರ್ ಕೂಡ ಬೇಡ, ಅದರ 100 ವೋಲ್ಟ್ ಲೈನು ಹಾರ್ನ್ ಸ್ಪೀಕರ್‌ಗೆ, ಭಾಷಣಕ್ಕೆ.

ಒಂದು ಎಚ್ಚರಿಕೆ. 3116 ತಡೆಯೋದು 26 ವೋಲ್ಟಿನವರೆಗೆ. 3255ರ ಜೊತೆ ಬರೋ 32 ವೋಲ್ಟಿನ ಅಡಾಪ್ಟರ್‌ಗೂ ಸಾಮಾನ್ಯವಾಗಿ ಅದೇ ಆಕಾರದ ಪಿನ್ನು. ಮನೆಯಲ್ಲಿ ಎರಡೂ ಇದ್ದು ಅದಲು ಬದಲಾದರೆ ಒಂದು "ಟಪ್" ಸದ್ದು, ಅಷ್ಟೇ, ಚಿಪ್ ಹೋಯಿತು. ಅಡಾಪ್ಟರ್ ಮೇಲೆ ಮಾರ್ಕರಿನಲ್ಲಿ ದಪ್ಪಗೆ ಬರೆದಿಡಿ. ಪಿನ್ನಿನ ಒಳತೂತಿನಲ್ಲೂ ಎರಡು ಅಳತೆ ಇದೆ, 2.1 ಮಿ.ಮೀ. ಮತ್ತು 2.5 ಮಿ.ಮೀ. 2.5ರದ್ದನ್ನ 2.1ರ ಸಾಕೆಟ್ಟಿಗೆ ಹಾಕಿದರೆ ಕೂತ ಹಾಗೇ ಕಾಣುತ್ತೆ, ಒಳಗೆ ಸಡಿಲ. ಜೋರಾದ ಬೇಸ್ ಬಂದಾಗೆಲ್ಲ ಆಂಪ್ಲಿಫಯರ್ ಆಫ್ ಆಗಿ ಆನ್ ಆದರೆ ಮೊದಲು ಅಲ್ಲಿ ನೋಡಿ.

ಜೋಡಿಸೋವಾಗ ಜನ ಹೆಚ್ಚು ಎಡವೋದು ಒಂದೇ ಕಡೆ. ಈ ಚಿಪ್‌ಗಳಲ್ಲಿ ಸ್ಪೀಕರಿನ ಕಪ್ಪು ಟರ್ಮಿನಲ್ ಗ್ರೌಂಡ್ ಅಲ್ಲ. ಮಲ್ಟಿಮೀಟರ್ ಇದ್ದರೆ ಕಪ್ಪು ಕಡ್ಡಿಯನ್ನ ಆರ್‌ಸಿಎ ಸಾಕೆಟ್ಟಿನ (ಹಾಡು ಒಳಬರೋ ಕೆಂಪು-ಬಿಳಿ ದುಂಡು ಸಾಕೆಟ್) ಹೊರಬಳೆಗೆ, ಕೆಂಪನ್ನ ಸ್ಪೀಕರಿನ ಯಾವುದೇ ಟರ್ಮಿನಲ್‌ಗೆ ಮುಟ್ಟಿಸಿ ನೋಡಿ: 24 ವೋಲ್ಟಿನ ಸೆಟ್ಟಿನಲ್ಲಿ ಸುಮಾರು 12 ವೋಲ್ಟ್ ತೋರಿಸುತ್ತೆ. ಅದು ದೋಷ ಅಲ್ಲ, ಅದರ ಕಟ್ಟೋಣವೇ ಹಾಗೆ, ಕೆಂಪು ಕಪ್ಪು ಎರಡೂ ಜೀವಂತ. ಹಾಗಾಗಿ ಎಡ-ಬಲದ ಕಪ್ಪು ತಂತಿಗಳನ್ನ ಒಂದಕ್ಕೊಂದು ಸೇರಿಸಬಾರದು, ಗ್ರೌಂಡಿಗೆ ಮುಟ್ಟಿಸಬಾರದು. ಹಳೇ ಮನೆಗಳಲ್ಲಿ ಗೋಡೆಯೊಳಗೆ ಮೂರೇ ತಂತಿ ಎಳೆದು ಎರಡು ಸ್ಪೀಕರಿಗೆ ಒಂದು ಕಪ್ಪು ಹಂಚಿರ್ತಾರೆ. ಅಂಥ ಲೈನಿಗೆ ಇದನ್ನ ಹಾಕಲೇಬೇಡಿ.

ತಂತಿ ಎಲೆಕ್ಟ್ರಿಕಲ್ ಅಂಗಡಿಯ 40/76 ಜೋಡಿತಂತಿ ಸಾಕು. ಅದು ಒಂದು ಚದರ ಮಿ.ಮೀ.ಗಿಂತ ತುಸು ದಪ್ಪ, ಐದು ಮೀಟರ್ ಎಳೆದರೂ ಹೋಗಿ ಬರೋ ದಾರಿ ಸೇರಿ 0.15 ಓಮ್ ಆಸುಪಾಸು. 8 ಓಮ್ ಮುಂದೆ ಅದು ಲೆಕ್ಕಕ್ಕಿಲ್ಲ. ಕೊಳ್ಳೋ ಮುಂಚೆ ಒಂದು ಎಳೆಯನ್ನ ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ತಾಮ್ರ ಬಳಿದ ಅಲ್ಯೂಮಿನಿಯಂ. ತುದಿ ಸುಲಿದಾಗ ಎಳೆಗಳನ್ನ ಬಿಗಿಯಾಗಿ ಹೊಸೆಯಿರಿ. ಹೊರಗೆ ಉಳಿದ ಒಂದೇ ಎಳೆ ಪಕ್ಕದ ಟರ್ಮಿನಲ್‌ಗೆ ತಾಗಿದರೂ ಶಾರ್ಟ್.

ಟಿವಿಗೆ ಹೆಡ್‌ಫೋನ್ ಜ್ಯಾಕ್ ಇದ್ದರೆ ನಿಮ್ಮ ಅದೃಷ್ಟ: 3.5 ಮಿ.ಮೀ.ನಿಂದ ಆರ್‌ಸಿಎ ಕೇಬಲ್ ಹಾಕಿದರೆ ಟಿವಿಯ ರಿಮೋಟ್‌ನಲ್ಲೇ ಸದ್ದು ಏರಿಸಿ ಇಳಿಸಬಹುದು. ಬರೀ ಆಪ್ಟಿಕಲ್ ಇದ್ದರೆ ನಡುವೆ ಒಂದು ಸಣ್ಣ ಡ್ಯಾಕ್ ಡಬ್ಬಿ (ಡಿಜಿಟಲ್ ಸದ್ದನ್ನ ಅನಲಾಗ್ ಮಾಡೋದು) ಬೇಕು. ಎಲ್ಲ ಸೇರಿಸಿದ ಮೇಲೂ ಸದ್ದೇ ಬರಲಿಲ್ಲ ಅಂದರೆ ಡ್ಯಾಕ್ ಕೆಟ್ಟಿದೆ ಅಂತ ಓಡಬೇಡಿ. ಟಿವಿಯ ಸೌಂಡ್ ಸೆಟ್ಟಿಂಗ್‌ನಲ್ಲಿ ಡಿಜಿಟಲ್ ಔಟ್‌ಪುಟ್ ಡಾಲ್ಬಿ ಅಥವಾ ಆಟೋ ಅಂತಿರುತ್ತೆ, ಅದನ್ನ ಪಿಸಿಎಂ, ಅಂದರೆ ಸಾದಾ ಡಿಜಿಟಲ್ ಸದ್ದು, ಮಾಡಿ.

ತಂದ ದಿನವೇ, ವಾಪಸ್ ಮಾಡೋ ಗಡುವು ಮುಗಿಯೋ ಮುಂಚೆ, ಒಂದು ಪರೀಕ್ಷೆ ಮಾಡಿ. ಎರಡು ಸ್ಪೀಕರಿನ ನಡುವೆ ಕೂತು, ಒಬ್ಬರೇ ಮಾತಾಡೋ ಯಾವುದಾದರೂ ರೆಕಾರ್ಡಿಂಗ್ ಹಾಕಿ, ವಾಲ್ಯೂಮನ್ನ ತೀರಾ ಕಡಿಮೆಯಿಂದ ನಿಧಾನಕ್ಕೆ ಏರಿಸಿ. ದನಿ ನಟ್ಟನಡುವೆ ನಿಲ್ಲಬೇಕು. ಅಗ್ಗದ ವಾಲ್ಯೂಮ್ ತಿರುಪುಗಳಲ್ಲಿ ಶುರುವಿನ ಕಾಲುಭಾಗದಲ್ಲಿ ಎಡ-ಬಲ ಸಮ ಇರಲ್ಲ, ದನಿ ಒಂದು ಕಡೆಗೆ ವಾಲುತ್ತೆ. ಸಣ್ಣ ಕೋಣೆಯಲ್ಲಿ ಇದು ದೊಡ್ಡ ತಲೆನೋವು, ಯಾಕೆಂದರೆ ನೀವು ಯಾವಾಗಲೂ ಇರೋದು ಆ ಕಾಲುಭಾಗದಲ್ಲೇ. ಸಾಮಾನ್ಯ ಗೇನ್ 26 ಡಿಬಿ, ಅಂದರೆ ಒಳಬಂದದ್ದು ಇಪ್ಪತ್ತು ಪಟ್ಟು. ಫೋನಿನ ಒಂದು ವೋಲ್ಟ್ ಕೊಟ್ಟರೆ ಹೊರಗೆ 20 ವೋಲ್ಟ್ ಕೇಳುತ್ತೆ, ಅದು 8 ಓಮ್‌ನಲ್ಲಿ 50 ವ್ಯಾಟ್! ಹಾಗಾಗಿ ತಿರುಪು ಎಂಟು ಗಂಟೆಯ ಮುಳ್ಳಿನ ಜಾಗ ದಾಟೋಕೇ ಬಿಡಲ್ಲ. ಫೋನಿನ ವಾಲ್ಯೂಮನ್ನ ಅರವತ್ತು ಪರ್ಸೆಂಟಿಗೆ ಇಳಿಸಿ, ಆಂಪ್ಲಿಫಯರಿನದ್ದನ್ನ ಹನ್ನೊಂದು ಗಂಟೆಯ ಜಾಗಕ್ಕೆ ತನ್ನಿ, ವಾಲೋದು ಬಹಳಷ್ಟು ಹೋಗುತ್ತೆ. ಆಗಲೂ ಹೋಗದಿದ್ದರೆ ವಾಪಸ್ ಕಳಿಸಿ.

"ಗುಂಯ್" ಅನ್ನೋ ಹಮ್ ಬಂದರೆ, ಲ್ಯಾಪ್‌ಟಾಪ್ ಸೇರಿಸಿದ್ದರೆ ಅದರ ಚಾರ್ಜರ್ ಕಿತ್ತು ನೋಡಿ. ಹಮ್ ನಿಂತರೆ ಗ್ರೌಂಡ್ ಲೂಪು (ಗ್ರೌಂಡ್ ಎರಡು ದಾರಿಯಲ್ಲಿ ಸೇರಿ ಸುತ್ತಾಗೋದು), ಆರ್‌ಸಿಎ ತಂತಿಯ ನಡುವೆ ಒಂದು ಗ್ರೌಂಡ್ ಲೂಪ್ ಐಸೊಲೇಟರ್ ಹಾಕಿದರೆ ಸರಿಹೋಗುತ್ತೆ. ಲೋಹದ ಡಬ್ಬಿ ಮುಟ್ಟಿದಾಗ ಬೆರಳಿಗೆ ಸಣ್ಣಗೆ ಜುಮ್ ಅಂದರೆ ಅದು ಸಾಮಾನ್ಯವಾಗಿ ಎರಡು ಪಿನ್ನಿನ ಅಡಾಪ್ಟರ್ ಒಳಗಿನ ಫಿಲ್ಟರ್ ಕೆಪಾಸಿಟರ್ ಸೋರೋ ಕರೆಂಟು. ಮೂರು ಪಿನ್ನಿನ ಅಡಾಪ್ಟರ್, ಅರ್ತಿಂಗ್ ಸರಿ ಇರೋ ಸಾಕೆಟ್ ಇದ್ದರೆ ಅದು ಹೋಗುತ್ತೆ. ಜುಮ್ ಅನ್ನೋದಲ್ಲ, ಹೊಡೆಯುತ್ತೆ ಅನ್ನೋ ಮಟ್ಟಿಗಿದ್ದರೆ ಆ ಅಡಾಪ್ಟರ್ ಬಳಸಲೇಬೇಡಿ.

ಸೆಕೆಂಡ್ ಹ್ಯಾಂಡ್ ದೊಡ್ಡ ಆಂಪ್ಲಿಫಯರ್ ಬಗ್ಗೆಯೂ ಕೇಳಿದ್ದೀರಿ. ಒಳ್ಳೇದು ಸಿಕ್ಕರೆ ಬಿಡಬೇಡಿ, ಆದರೆ ಹಿಂದಿನ ಚೀಟಿ ಓದಿ. ಜಪಾನಿನಿಂದ ಬಂದದ್ದು 100 ವೋಲ್ಟ್, ಅಮೆರಿಕದಿಂದ ನೆಂಟರು ಹೊತ್ತು ತಂದದ್ದು 120. ನಮ್ಮ 230ಕ್ಕೆ ನೇರ ಚುಚ್ಚಿದರೆ ಮುಗೀತು. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಖರ್ಚು ಸೇರಿಸಿಯೇ ಚೌಕಾಸಿ ಮಾಡಿ. ಸ್ಪೀಕರ್ ತೆಗೆದು, ಆನ್ ಮಾಡಿ ಹತ್ತು ನಿಮಿಷ ಬಿಟ್ಟು, ಸ್ಪೀಕರ್ ಟರ್ಮಿನಲ್‌ಗಳ ನಡುವೆ ಡಿಸಿ ಅಳೆಯಿರಿ. 50 ಮಿಲಿವೋಲ್ಟ್ ಒಳಗಿದ್ದರೆ ಚಿಂತೆ ಇಲ್ಲ, 100 ದಾಟಿದರೆ ಬೇಡ. ಇನ್ನು, ಮನೆಯ ಇನ್ವರ್ಟರ್ ಚೌಕ ಅಲೆಯದ್ದಾದರೆ ಇಂಥ ಟ್ರಾನ್ಸ್‌ಫಾರ್ಮರ್ ಸೆಟ್ಟು ಕರೆಂಟ್ ಹೋದಾಗೆಲ್ಲ ಜೇನುಗೂಡಿನ ಹಾಗೆ ಗುಂಯ್ಗುಡುತ್ತೆ. ಅಡಾಪ್ಟರ್ ಮೇಲೆ ಓಡೋ ಸಣ್ಣವಕ್ಕೆ ಆ ಕಾಟ ಕಮ್ಮಿ.

ಬೇಸ್ ತಿರುಪು ಇರೋದನ್ನೇ ಯಾಕೆ ಹೇಳಿದೆ ಅಂದರೆ, ನಿಮ್ಮ ಕೋಣೆಯ ಕಾರಣಕ್ಕೆ. ಹತ್ತಡಿ ಉದ್ದದಲ್ಲಿ ಸದ್ದಿನ ಅಲೆ 56 ಹರ್ಟ್ಸ್ ಹತ್ತಿರ ಗೋಡೆಯಿಂದ ಗೋಡೆಗೆ ಸಿಕ್ಕಿಹಾಕಿಕೊಳ್ಳುತ್ತೆ. ನಿಮ್ಮದು ಅಗಲವೂ ಹತ್ತಡಿ. ಆರ್‌ಸಿಸಿ ಮನೆ, ಸೂರಿನ ಎತ್ತರವೂ ಹತ್ತಡಿ ಇದ್ದರೆ ಮೂರೂ ದಿಕ್ಕು ಒಂದೇ ಸ್ವರ ಹಾಡುತ್ತೆ. ಕಿಕ್ ಡ್ರಮ್ಮು, ಬೇಸ್ ಗಿಟಾರು ಎಲ್ಲ ಒಂದೇ "ಗುಂ" ಆಗಿ ಕೇಳೋದು ಇದರಿಂದ. ಆಂಪ್ಲಿಫಯರ್ ಬದಲಾಯಿಸಿದರೆ ಇದು ಹೋಗಲ್ಲ. ಸ್ಪೀಕರನ್ನ ಮೂಲೆಯಿಂದ ಎಳೆಯಿರಿ, ಹಿಂಗೋಡೆಗೆ ಒಂದಡಿಯಾದರೂ ಜಾಗ ಬಿಡಿ. ಗೋಡೆಗೆ ತಲೆ ಆನಿಸಿ ಕೂರಬೇಡಿ, ಅಲ್ಲಿ ಗುಂ ಅತಿ ಹೆಚ್ಚು. ನಟ್ಟನಡುವೆ ಕೂತರೆ ಅದೇ ಸ್ವರ ಮಾಯ. ಹಿಂಗೋಡೆಯಿಂದ ಸುಮಾರು ನಾಲ್ಕಡಿ ಮುಂದೆ ಕುರ್ಚಿ ಹಾಕಿ ನೋಡಿ. ಸ್ಪೀಕರಿನ ಹಿಂದೆ ದುಂಡು ತೂತು ಇದ್ದರೆ ಅದಕ್ಕೊಂದು ಜೊತೆ ಕಾಲುಚೀಲ ತುರುಕಿ. ಆಮೇಲೆ ಬೇಸ್ ತಿರುಪನ್ನ ಒಂದೆರಡು ಗೆರೆ ಹಿಂದಕ್ಕೆ.