ಟೆಂಡರ್‌ಲೋಯಿನ್ ಪಕ್ಕ ಮನೆ ಹಿಡಿಯುವ ಮುಂಚೆ

ಸ್ಯಾನ್ ಫ್ರಾನ್ಸಿಸ್ಕೋದ ಮಾರ್ಕೆಟ್ ಸ್ಟ್ರೀಟ್ ಹತ್ತಿರ ಫ್ಲಾಟ್ ನೋಡಿದ್ದೀರಿ. ಎರಡು ಬೀದಿ ಆಚೆ, ಟೆಂಡರ್‌ಲೋಯಿನ್ ಎಂಬ ಬಡವರ ಬಡಾವಣೆಯಲ್ಲಿ, ಫುಟ್‌ಪಾತ್ ಮೇಲೆ ಟೆಂಟು ಹಾಕಿಕೊಂಡವರನ್ನು ಕಂಡು, "ಇವರೆಲ್ಲ ಎಲ್ಲಿಂದ ಬಂದರು? ಅಲ್ಲಿ ಇರಬಹುದಾ?" ಅಂತ ಕೇಳಿದ್ದೀರಿ. ಧಾರಾಳವಾಗಿ ಇರಬಹುದು. ಆದರೆ ಅವರಲ್ಲಿ ಜಾಸ್ತಿ ಜನ ಎಲ್ಲಿಂದಲೋ ಬಂದವರಲ್ಲ. ಇದೇ ಊರಲ್ಲಿ ಒಂದು ಸೂರಿನ ಕೆಳಗೆ ಇದ್ದವರು.

ಟೆಂಡರ್‌ಲೋಯಿನ್‌ನಲ್ಲಿ ಹಳೇ ಹೋಟೆಲುಗಳಿವೆ, ಎಸ್‌ಆರ್‌ಒ (ಸಿಂಗಲ್ ರೂಮ್ ಆಕ್ಯುಪೆನ್ಸಿ) ಅಂತಾರೆ. ಮಂಚ ಹಾಕಿದರೆ ಮುಗಿಯುವಷ್ಟು ಕೋಣೆ, ಅಡಿಗೆಮನೆ ಇಲ್ಲ, ಕಾರಿಡಾರಿನ ಕೊನೆಗೆ ಎಲ್ಲರಿಗೂ ಸೇರಿ ಒಂದು ಬಚ್ಚಲು. ಎಷ್ಟನ್ನೋ ನಮ್ಮ ಗುಜರಾತಿ ಕುಟುಂಬಗಳೇ ನಡೆಸಿಕೊಂಡು ಬಂದಿವೆ. ಒಂಟಿ ಮುದುಕರಿಗೆ, ಕೂಲಿಯವರಿಗೆ ಕೊನೆಯ ಸೂರು ಇದು. ಇದೂ ಕೈತಪ್ಪಿದರೆ ಬೀದಿಯೇ ಗತಿ. 1977ರ ಆಗಸ್ಟಿನಲ್ಲಿ ಇದೇ ಊರಿನ ಇನ್ನೊಂದು ಬಡಾವಣೆಯ ಇಂಥದ್ದೇ ಇಂಟರ್‌ನ್ಯಾಷನಲ್ ಹೋಟೆಲಿನಿಂದ ವಯಸ್ಸಾದ ಫಿಲಿಪಿನೋ, ಚೀನೀ ಬಾಡಿಗೆದಾರರನ್ನು ಪೊಲೀಸರು ರಾತ್ರೋರಾತ್ರಿ ಹೊರಹಾಕಿದರು. ಸಾವಿರಾರು ಜನ ಕೈಕೈ ಹಿಡಿದು ಅಡ್ಡ ನಿಂತರೂ ಆಗಲಿಲ್ಲ. ಕಟ್ಟಡ ಕೆಡವಿದ ಮೇಲೆ ಆ ಜಾಗ ಇಪ್ಪತ್ತು ವರ್ಷಕ್ಕೂ ಮೇಲೆ ಸುಮ್ನೆ ಖಾಲಿ ಬಿದ್ದಿತ್ತು.

2011ರಲ್ಲಿ ನಗರಸಭೆ ಮಾರ್ಕೆಟ್ ಸ್ಟ್ರೀಟಿಗೆ ಬರುವ ಕಂಪನಿಗಳಿಗೆ ತೆರಿಗೆ ರಿಯಾಯಿತಿ ಕೊಟ್ಟಿತು. ಮರುವರ್ಷ ಟ್ವಿಟರ್ ಬಂತು. ನಮ್ಮಂಥವರ ಸಂಬಳದ ಜೊತೆ ಬಾಡಿಗೆಯೂ ಏರಿತು. ಎಲಿಸ್ ಆಕ್ಟ್ ಅಂತ 1985ರ ಕಾಯ್ದೆಯೊಂದಿದೆ. ಅದರ ಕೆಳಗೆ, ಬಾಡಿಗೆ ವ್ಯವಹಾರವೇ ಬೇಡ ಎಂದು ಮಾಲೀಕ ಇಡೀ ಕಟ್ಟಡ ಖಾಲಿ ಮಾಡಿಸಬಹುದು.

ಬೀದಿಗೆ ಬಿದ್ದವರನ್ನು ಹೇಗೆ ನಡೆಸಿಕೊಳ್ಳುತ್ತಾರೆ ಅನ್ನೋದೇ ನನಗೆ ಸಂಕಟ. ಬೆಳಿಗ್ಗೆ ನಗರದ ಲಾರಿ ಬರುತ್ತದೆ. ಟೆಂಟು ಎತ್ತುತ್ತಾರೆ. ಅದರ ಜೊತೆ ಎಷ್ಟೋ ಸಲ ಮಾತ್ರೆ ಡಬ್ಬಿ, ಗುರುತಿನ ಚೀಟಿ, ಫೋನ್ ಚಾರ್ಜರ್ ಎಲ್ಲ ಹೋಗುತ್ತದೆ. ಚೀಟಿ ಇಲ್ಲದೆ ಮನೆಯ ಅರ್ಜಿ ಮುಂದೆ ಸಾಗಲ್ಲ. ಅವರು ಪಕ್ಕದ ಬೀದಿಗೆ ಹೋಗುತ್ತಾರೆ, ಮತ್ತೆ ಲಾರಿ ಬರುತ್ತದೆ. 2024ರ ಜೂನಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಗ್ರಾಂಟ್ಸ್ ಪಾಸ್ ಎಂಬ ಊರಿನ ಕೇಸಿನಲ್ಲಿ, ಬೀದಿಯಲ್ಲಿ ಮಲಗಿದವರಿಗೆ ದಂಡ ಹಾಕುವುದು ಸಂವಿಧಾನಕ್ಕೆ ವಿರುದ್ಧವಲ್ಲ ಎಂದಿತು. ಆಗಸ್ಟಿನಿಂದ ಇಲ್ಲಿ ಎತ್ತಂಗಡಿ ಇನ್ನೂ ಜೋರಾಯಿತು. ಮೊದಲು ಬಸ್ ಟಿಕೆಟ್ ಕೊಡುತ್ತೇವೆ, ಊರು ಬಿಡುತ್ತೀರಾ ಅಂತ ಕೇಳಿ, ಆಮೇಲೆ ಬೇರೆ ಸಹಾಯ ಅಂತ ಆಗಿನ ಮೇಯರ್ ಆದೇಶ ಹೊರಡಿಸಿದ್ದರು. ಅವರಲ್ಲಿ ಜಾಸ್ತಿ ಜನ ತಮ್ಮದೇ ಊರಿನವರು! 2019ರಲ್ಲಿ ಕ್ಲಿಂಟನ್ ಪಾರ್ಕ್ ಎಂಬ ಓಣಿಯ ನಿವಾಸಿಗಳು ಚಂದಾ ಎತ್ತಿ ಫುಟ್‌ಪಾತ್ ಮೇಲೆ ಬಂಡೆಗಳನ್ನೇ ಇಡಿಸಿದ್ದರು, ಯಾರೂ ಮಲಗಬಾರದು ಅಂತ. ಬೇರೆ ಜನ ಅವನ್ನು ರಸ್ತೆಗೆ ಉರುಳಿಸಿದರು. ಕೊನೆಗೆ ನಗರದವರೇ ತೆಗೆದರು.

ಭಯದ ಮಾತು ಹೇಳುವುದಾದರೆ, ರಾತ್ರಿ ಒಬ್ಬರೇ ಓಡಾಡುವಾಗ ಎಚ್ಚರ ಬೇಕು. ಕೆಲವರಿಗೆ ಡ್ರಗ್ಸ್ ಚಟ ಇದೆ, ಕೆಲವರಿಗೆ ತಲೆ ಸರಿಯಿಲ್ಲ, ಬೈಯುತ್ತಾರೆ. ಹೆಚ್ಚಿನವರು ನಿಮ್ಮ ತಂಟೆಗೇ ಬರಲ್ಲ. ಯಾರಾದರೂ ಅಲುಗಾಡದೆ ಬಿದ್ದಿದ್ದರೆ ದಾಟಿ ಹೋಗಬೇಡಿ, 911ಕ್ಕೆ ಫೋನ್ ಮಾಡಿ. ಟೆಂಟು ಕಣ್ಣಿಗೆ ಚುಚ್ಚುತ್ತದೆ ಅಂತ ಮಾತ್ರ ದೂರು ಕೊಡಬೇಡಿ, ಎಷ್ಟೋ ಸಲ ಆ ಲಾರಿ ಬರೋದು ಇಂಥ ದೂರಿನಿಂದಲೇ. ಕರಾರಿಗೆ ಸಹಿ ಹಾಕುವ ಮೊದಲು, ಆ ಕಟ್ಟಡದಲ್ಲಿ ಎಲಿಸ್ ಆಕ್ಟ್ ಕೆಳಗೆ ಯಾರನ್ನಾದರೂ ಎಬ್ಬಿಸಿದ್ದಾರಾ ಅಂತ ನಗರದ ಬಾಡಿಗೆ ಕಚೇರಿಯಾದ ರೆಂಟ್ ಬೋರ್ಡಿನಲ್ಲಿ ವಿಚಾರಿಸಿ. ಎಬ್ಬಿಸಿದ್ದರೆ ಆ ಮನೆ ಬೇಡ. ಬಂದ ಮೇಲೆ ಗೋಲ್ಡನ್ ಗೇಟ್ ಅವೆನ್ಯೂದ ಸೇಂಟ್ ಆಂಥೋನೀಸ್ ಎಂಬ ಅನ್ನಛತ್ರಕ್ಕೆ ಒಮ್ಮೆ ಹೋಗಿ. 1950ರಿಂದ ದಿನಾ ಊಟ ಹಾಕುತ್ತಿದ್ದಾರೆ, ಬಡಿಸಲು ಕೈಗಳು ಬೇಕು.