ಹಿಡನ್ ಫೀಲ್ಡ್‌ನಲ್ಲಿ ಅರೇಯನ್ನು ಅಲ್ಪವಿರಾಮದಿಂದ ಜೋಡಿಸಿ ಕಳುಹಿಸಬಹುದೇ?

ಜೆಎಸ್‌ಪಿ ಪುಟದ (ಜಾವಾ ಸರ್ವರ್ ತಯಾರಿಸಿಕೊಡುವ ವೆಬ್ ಪುಟ) ಅರೇಯನ್ನು, ಅಂದರೆ ಮೌಲ್ಯಗಳ ಪಟ್ಟಿಯನ್ನು, ಅಲ್ಪವಿರಾಮದಿಂದ ಜೋಡಿಸಿ, ಫಾರಂನಲ್ಲಿ ಕಣ್ಣಿಗೆ ಕಾಣದಂತಿರುವ ಒಂದೇ ಹಿಡನ್ ಫೀಲ್ಡ್‌ನಲ್ಲಿಟ್ಟು, ಸರ್ವ್ಲೆಟ್‌ನಲ್ಲಿ (ಫಾರಂ ಸ್ವೀಕರಿಸುವ ಸರ್ವರ್ ಬದಿಯ ಜಾವಾ ಕೋಡ್) ಸ್ಪ್ಲಿಟ್ ಮಾಡಿಕೊಳ್ಳಬಹುದೇ, ಅಂದರೆ ಮತ್ತೆ ಬಿಡಿಸಿಕೊಳ್ಳಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ. ಗೋಣಿಕೊಪ್ಪಲಿನ ಕಾಫಿ ವ್ಯಾಪಾರಿಯೊಬ್ಬರಿಗೆ ಖರೀದಿಯ ಲೆಕ್ಕವಿಡುವ ತಂತ್ರಾಂಶ ಬರೆದುಕೊಟ್ಟಾಗ ನಾನು ಮಾಡಿದ್ದು ಇದನ್ನೇ.

ಮೊದಲ ಪುಟದಲ್ಲಿ ಗುಮಾಸ್ತರು ಬೆಳೆಗಾರರ ಹೆಸರು, ರೋಬಸ್ಟಾ ಚೆರಿಯೋ ಅರೇಬಿಕಾ ಪಾರ್ಚ್‌ಮೆಂಟೋ ಎಂಬ ಕಾಫಿಯ ಬಗೆಯ ವಿವರ ಮತ್ತು ಕಿಲೋ ಲೆಕ್ಕದ ತೂಕವನ್ನು ತುಂಬುತ್ತಿದ್ದರು. ಎರಡನೆಯ ಪುಟ ಒಟ್ಟು ಸಾಲುಗಳ ಸಂಖ್ಯೆಯನ್ನು ಮಾತ್ರ ತೋರಿಸಿ ಒಪ್ಪಿಗೆ ಕೇಳುತ್ತಿತ್ತು. ಕೊಯ್ಲಿನ ದಿನಗಳಲ್ಲಿ ಗುಮಾಸ್ತರು ಒಬ್ಬ ಬೆಳೆಗಾರರ ಕಾಫಿಯ ತೂಕವನ್ನು ಕೈಬರಹದ ಚೀಟಿಯಲ್ಲಿದ್ದಂತೆಯೇ ‘1,250’ ಎಂದು ನಮೂದಿಸಿದರು. ಸ್ಪ್ಲಿಟ್ ಆದಾಗ ಅದು ‘1’ ಮತ್ತು ‘250’ ಎಂಬ ಎರಡು ತೂಕಗಳಾಯಿತು. ಆ ಬೆಳೆಗಾರರಿಗೆ ಒಂದು ಕಿಲೋ, ಅವರ ನಂತರದವರಿಗೆ 250 ಕಿಲೋ, ಅಲ್ಲಿಂದ ಕೆಳಗೆ ಪ್ರತಿಯೊಬ್ಬರಿಗೂ ಮೇಲಿನವರ ತೂಕ. ನನ್ನ ಲೂಪ್ ಹೆಸರುಗಳ ಸಂಖ್ಯೆಯಷ್ಟೇ ಸುತ್ತುತ್ತಿದ್ದುದರಿಂದ ಕೊನೆಯವರ ನಿಜವಾದ ತೂಕ ಲೆಕ್ಕದಿಂದಲೇ ಬಿದ್ದುಹೋಯಿತು, ಆದರೂ ಎಲ್ಲಿಯೂ ದೋಷದ ಸಂದೇಶ ಬರಲಿಲ್ಲ. ‘1,250’ ಇಡಿಯಾಗಿ ಬಂದಿದ್ದರೆ, ಪಠ್ಯವನ್ನು ಸಂಖ್ಯೆಯಾಗಿಸುವ ಇಂಟಿಜರ್ ಪಾರ್ಸ್‌ಇಂಟ್ ಆ ಕ್ಷಣವೇ ನಂಬರ್‌ಫಾರ್ಮ್ಯಾಟ್ಎಕ್ಸೆಪ್ಶನ್ ಎಂಬ ದೋಷವನ್ನು ಎಸೆಯುತ್ತಿತ್ತು. ಒಡೆದ ಎರಡು ತುಂಡುಗಳೂ ಸರಿಯಾದ ಸಂಖ್ಯೆಗಳೇ ಆಗಿದ್ದುದರಿಂದ ಅದಕ್ಕೆ ತಕರಾರಿರಲಿಲ್ಲ. ತಪ್ಪು ಚೀಟಿಗಳು ಬೆಳೆಗಾರರ ಕೈ ಸೇರಿದವು, ಮುಂದಿನ ಹಂಗಾಮಿನ ಕೆಲಸ ನನ್ನ ಕೈತಪ್ಪಿತು.

ಅಲ್ಪವಿರಾಮದ ಬದಲು ಬೇರೆ ಚಿಹ್ನೆ ಬಳಸಿದರೂ ಗುಣವಿಲ್ಲ, ಏಕೆಂದರೆ ಕೊನೆಯ ಕೆಲವು ಮೌಲ್ಯಗಳು ಖಾಲಿಯಿದ್ದರೆ ಜಾವಾದ ಸ್ಪ್ಲಿಟ್ ಅವನ್ನು ಸದ್ದಿಲ್ಲದೆ ಕೈಬಿಡುತ್ತದೆ. ಹಿಡನ್ ಫೀಲ್ಡನ್ನೇ ಬಳಸಬೇಕಾಗಿ ಬಂದರೆ, ಸಿ-ಫಾರ್‌ಈಚ್‌ನಿಂದ (ಪಟ್ಟಿಯ ಪ್ರತಿ ಮೌಲ್ಯಕ್ಕೂ ಒಮ್ಮೆ ನಡೆಯುವ ಜೆಎಸ್‌ಪಿ ಟ್ಯಾಗ್) ಪ್ರತಿಯೊಂದು ಮೌಲ್ಯಕ್ಕೂ ಒಂದೇ ಹೆಸರಿನ ಬೇರೆ ಬೇರೆ ಹಿಡನ್ ಫೀಲ್ಡ್ ಬರೆಯಿರಿ, ಉದ್ಧರಣ ಚಿಹ್ನೆಗಳು ಪುಟವನ್ನು ಕೆಡಿಸದಂತೆ ಮೌಲ್ಯವನ್ನು ಸಿ-ಔಟ್ (ವಿಶೇಷ ಚಿಹ್ನೆಗಳನ್ನು ಸುರಕ್ಷಿತ ರೂಪಕ್ಕೆ ತರುವ ಟ್ಯಾಗ್) ಮೂಲಕ ಹಾಯಿಸಿರಿ, ಸರ್ವ್ಲೆಟ್‌ನಲ್ಲಿ ಗೆಟ್‌ಪ್ಯಾರಾಮೀಟರ್‌ವ್ಯಾಲ್ಯೂಸ್ ಎಂದು ಕೇಳಿ ಎಲ್ಲ ಮೌಲ್ಯಗಳನ್ನೂ ಪಡೆಯಿರಿ. ಗೆಟ್‌ಪ್ಯಾರಾಮೀಟರ್ ಮೊದಲ ಮೌಲ್ಯವನ್ನಷ್ಟೇ ಕೊಡುತ್ತದೆ.

ಆದರೆ ಸರ್ವರ್ ಬಳಿ ಒಮ್ಮೆ ತಲುಪಿದ ಮಾಹಿತಿಯನ್ನು ಮತ್ತೆ ಬ್ರೌಸರ್‌ಗೆ ಕಳುಹಿಸಿ ವಾಪಸು ಪಡೆಯುವ ಅಗತ್ಯವೇ ನನಗೆ ಕಾಣುವುದಿಲ್ಲ. ಹಿಡನ್ ಫೀಲ್ಡ್ ಕಣ್ಣಿಗೆ ಕಾಣದಿದ್ದರೂ, ಬ್ರೌಸರ್‌ನ ಡೆವಲಪರ್ ಟೂಲ್ಸ್ ತೆರೆಯಬಲ್ಲ ಯಾರಾದರೂ ತೂಕವನ್ನಾಗಲಿ ದರವನ್ನಾಗಲಿ ತಿದ್ದಿ ಕಳುಹಿಸಬಹುದು. ಅರೇಯನ್ನು ಸೆಷನ್‌ನಲ್ಲಿಡಿ (ಸರ್ವರ್ ಪ್ರತಿ ಬಳಕೆದಾರರಿಗೂ ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ಸಂಗ್ರಹ), ಬಳಕೆದಾರರು ಎರಡು ಟ್ಯಾಬ್ ತೆರೆದರೆ ಒಂದರ ಮಾಹಿತಿ ಇನ್ನೊಂದರ ಮೇಲೆ ಬೀಳದಂತೆ ಪ್ರತಿ ಫಾರಂಗೂ ಊಹಿಸಲಾಗದ ಬೇರೆ ಕೀ (ಗುರುತಿನ ಪದ) ಕೊಟ್ಟು, ಆ ಕೀಯನ್ನು ಮಾತ್ರ ಹಿಡನ್ ಫೀಲ್ಡ್‌ನಲ್ಲಿ ಕಳುಹಿಸಿ, ದಾಖಲೆ ಉಳಿಸಿದ ಕೂಡಲೇ ಸೆಷನ್‌ನಿಂದ ಅದನ್ನು ತೆಗೆದುಹಾಕಿ.