ಮೀನು ಸಾಕಣೆ, ಓದುಗರ ಪ್ರಶ್ನೆ: ಪಿಎಚ್ ಇಳಿದದ್ದಕ್ಕೆ ಸುಣ್ಣ ಹಾಕಿದೆ, ಮೀನು ಯಾಕೆ ಸತ್ತಿತು?

ಪ್ರಶ್ನೆ: ನಮ್ದು ಬದಿಯಡ್ಕದ ಹತ್ತಿರ. ಅಂಗಳದ ಬದಿಯಲ್ಲಿ 4 ಮೀಟರ್ ಅಗಲದ ಟರ್ಪಾಲ್ ಬಯೋಫ್ಲಾಕ್ ಟ್ಯಾಂಕಿ (ಸದಾ ಗಾಳಿ ಬಿಟ್ಟು, ನೀರಿನ ಕೊಳೆಯನ್ನು ಬ್ಯಾಕ್ಟೀರಿಯಾದಿಂದಲೇ ತಿನ್ನಿಸುವ ಕ್ರಮ) ಉಂಟು, ಗಿಫ್ಟ್ ತಿಲಾಪಿಯಾ (ಬೇಗ ಬೆಳೆಯುವ ತಳಿಯ ಮೀನು) ಹಾಕಿದ್ದು, ನೀರು ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ್ದು. ಎರಡು ತಿಂಗಳು ಚಂದ ಇತ್ತು, ಮತ್ತೆ ಮೀನು ಫೀಡ್ ತಿನ್ನುದು ಕಮ್ಮಿ ಆಯ್ತು. ಕಿಟ್ಟಲ್ಲಿ ನೋಡಿದ್ರೆ ಪಿಎಚ್ (ನೀರಿನ ಹುಳಿಯ ಅಳತೆ, 7ಕ್ಕಿಂತ ಕೆಳಗೆ ಹೋದ್ರೆ ಹುಳಿ) 6.2, ಅಮೋನಿಯಾ 2. ಅಡಿಕೆಗೆ ಮದ್ದು ಬಿಡ್ಲಿಕ್ಕೆ ತಂದ ಸುಣ್ಣ ಮನೆಯಲ್ಲಿತ್ತು, ಅದನ್ನೇ ಬಕೆಟಲ್ಲಿ ಕಲಸಿ ಹಾಕಿದೆ. ಸಂಜೆಗೆ ಮೀನು ಮೇಲೆ ಬಂದು ಸುತ್ತು ತಿರುಗ್ಲಿಕ್ಕೆ ಸುರು, ಬೆಳಗಾಗುವಾಗ ಅರ್ಧಕ್ಕರ್ಧ ಹೋಗಿತ್ತು. ಅಮೋನಿಯಾ ಮೊದಲೇ ಇತ್ತಲ್ಲ ಸರ್, ಆಗ ಸಾಯದ ಮೀನು ಸುಣ್ಣ ಹಾಕಿದ ಮೇಲೆ ಯಾಕೆ ಸತ್ತಿತು?

ಉತ್ತರ: ಓದಿ ತುಂಬ ಬೇಜಾರಾಯ್ತು. ಇದು ನಿಮಗೊಬ್ಬರಿಗೆ ಆದದ್ದಲ್ಲ, ನಮ್ಮ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಊರಲ್ಲಿ ಯಾರಿಗೂ ಆಗಬಹುದಾದ್ದು, ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೀತೇನೆ.

ಕಿಟ್ಟಲ್ಲಿ ಕಾಣುವ 2 ಅಂದ್ರೆ ಒಟ್ಟು ಅಮೋನಿಯಾ, ಲೀಟರಿಗೆ 2 ಮಿಲಿಗ್ರಾಂ. ಅದು ನೀರಲ್ಲಿ ಎರಡು ರೂಪದಲ್ಲಿ ಇರ್ತದೆ, ಒಂದು ಹೆಚ್ಚು ತೊಂದರೆ ಕೊಡದ್ದು, ಇನ್ನೊಂದು ಕಿವಿರು ಸುಡುವ ವಿಷ. ಯಾವುದು ಎಷ್ಟು ಅಂತ ಮುಖ್ಯವಾಗಿ ತೀರ್ಮಾನ ಮಾಡುದು ಪಿಎಚ್. ನೀರು 28 ಡಿಗ್ರಿ ಬಿಸಿ ಇರುವಾಗ ಪಿಎಚ್ 7ರಲ್ಲಿ ವಿಷದ ಪಾಲು ನೂರಕ್ಕೆ ಒಂದೂ ಇಲ್ಲ, 8ರಲ್ಲಿ ಆರು ಏಳು, 9ಕ್ಕೆ ಹೋದ್ರೆ ನಲ್ವತ್ತು. ನಿಮ್ಮದು 6.2 ಇದ್ದಾಗ ಆ 2 ಮಿಲಿಗ್ರಾಂ ಅಮೋನಿಯಾ ಹೆಚ್ಚುಕಮ್ಮಿ ಸುಮ್ಮನೆ ಕೂತಿತ್ತು. ನೀರುಹಾಕಿದ ಸುಣ್ಣ ಬಿದ್ದ ಕೂಡ್ಲೇ ಪಿಎಚ್ ಒಂದೇ ಸಲ 9ರ ಹತ್ತಿರ ಹಾರಿರ್ತದೆ, ಆಗ ವಿಷದ ರೂಪ ಲೀಟರಿಗೆ 0.8 ಮಿಲಿಗ್ರಾಂ ವರೆಗೆ ಹೋಗ್ತದೆ, ಅದು 0.05 ದಾಟಿದ್ರೇ ಮೀನಿಗೆ ಕಷ್ಟ ಸುರು. ಪಿಎಚ್ ಒಮ್ಮೆಲೇ ಅಷ್ಟು ಏರಿದ ಪೆಟ್ಟೂ ಸೇರಿ ಮೀನು ಹೋಯ್ತು.

ಇನ್ನು ಪಿಎಚ್ ಇಳಿದದ್ದು ಯಾಕೆ? ಟ್ಯಾಂಕಿಯ ಒಳ್ಳೆ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೇಟ್ ಮಾಡುವಾಗ ನೀರಿನ ಆಲ್ಕಲಿನಿಟಿಯನ್ನು (ಹುಳಿಯನ್ನು ತಡೆದು ಪಿಎಚ್ ಬೀಳದ ಹಾಗೆ ಹಿಡಿಯುವ ಶಕ್ತಿ) ತಿನ್ನುತ್ತಾ ಹೋಗ್ತದೆ, ಒಂದು ಗ್ರಾಂ ಅಮೋನಿಯಾ ನೈಟ್ರೋಜನ್‌ಗೆ ಸುಮಾರು 7 ಗ್ರಾಂ. ಬಯೋಫ್ಲಾಕ್‌ಗೆ ಆಲ್ಕಲಿನಿಟಿ ಲೀಟರಿಗೆ 100ರಿಂದ 150 ಮಿಲಿಗ್ರಾಂ ಬೇಕು, ಆದ್ರೆ ಮುರಕಲ್ಲಿನಿಂದ ಒಸರಿ ಬರುವ ಸುರಂಗದ ನೀರು, ಬಾವಿ ನೀರು ಹುಟ್ಟಿನಿಂದಲೇ ಹುಳಿ, ಅದರಲ್ಲಿ ಆಲ್ಕಲಿನಿಟಿ ತೀರಾ ಕಮ್ಮಿ. ಇದ್ದದ್ದು ಖಾಲಿ ಆದ ಮೇಲೆ ಪಿಎಚ್ ಬಿತ್ತು, ಪಿಎಚ್ 6.5ಕ್ಕಿಂತ ಕೆಳಗೆ ಹೋದ್ರೆ ಆ ಬ್ಯಾಕ್ಟೀರಿಯಾವೇ ಸುಸ್ತಾಗ್ತದೆ, ಅಮೋನಿಯಾ ಕೂಡ್ತದೆ. ಆದ್ದರಿಂದ ದಯಮಾಡಿ ಪಿಎಚ್ ಕಿಟ್ ಜೊತೆಗೆ ಆಲ್ಕಲಿನಿಟಿ ಕಿಟ್ಟೂ ತೆಗೊಳ್ಳಿ, ನಮ್ಮ ಕಡೆಗೆ ಅದೇ ಮುಖ್ಯ ಅಂತ ನನ್ನ ಅಭಿಪ್ರಾಯ.

ಉಳಿದ ಮೀನಿಗೆ ಎರಡು ದಿನ ಫೀಡ್ ನಿಲ್ಲಿಸಿ, ಗಾಳಿ ಪೂರಾ ಬಿಡಿ, ಕಾಲು ಭಾಗ ನೀರು ಬದಲಿಸಿ. ಹೊಸ ನೀರನ್ನು ಬೇರೆ ಟ್ಯಾಂಕಿಯಲ್ಲಿ ಒಂದು ರಾತ್ರಿ ಗಾಳಿ ಕೊಟ್ಟೇ ಬಿಡಿ, ಸುರಂಗದ ನೀರಲ್ಲಿ ಕಾರ್ಬನ್ ಡೈಆಕ್ಸೈಡ್ ಇರ್ತದೆ, ಅದು ಹೋದ್ರೆ ಪಿಎಚ್ ಸ್ವಲ್ಪ ತಾನೇ ಏರ್ತದೆ. ಮುಂದಕ್ಕೆ ಸುಣ್ಣದ ಬದಲು ಅಡುಗೆ ಸೋಡಾ ಹಾಕಿ, ಎಷ್ಟು ಹಾಕಿದ್ರೂ ಅದು ಪಿಎಚ್ಚನ್ನು 8.3ರ ಮೇಲೆ ಹೆಚ್ಚು ಎತ್ತುದಿಲ್ಲ. ಒಂದು ಮೀಟರ್ ನೀರು ನಿಲ್ಲಿಸಿದ್ರೆ ನಿಮ್ಮ ಟ್ಯಾಂಕಿಯಲ್ಲಿ 12,500 ಲೀಟರ್, ಅದಕ್ಕೆ ಒಂದು ಕಿಲೋ ಸೋಡಾ ಹಾಕಿದ್ರೆ ಆಲ್ಕಲಿನಿಟಿ 45-50 ಏರ್ತದೆ. ಅಮೋನಿಯಾ ಇಳಿಯುವ ವರೆಗೆ ದಿನಕ್ಕೆ ಅರ್ಧ ಕಿಲೋ ಸಾಕು, ಮತ್ತೆ ಒಂದು ಕಿಲೋ ಫೀಡಿಗೆ 200 ಗ್ರಾಂ ಲೆಕ್ಕದಲ್ಲಿ ಹಾಕ್ತಾ ಕಿಟ್ ನೋಡಿ ಹೆಚ್ಚುಕಮ್ಮಿ ಮಾಡಿ.

ಮದ್ದಿನ ಸುದ್ದಿ ಬಂದದ್ದಕ್ಕೆ ಇನ್ನೊಂದು ಮಾತು. ಅಡಿಕೆಗೆ ಬಿಡುವ ಬೋರ್ಡೋ ಮದ್ದಲ್ಲಿ ಸುಣ್ಣದ ಜೊತೆ ಇರುವ ಮೈಲುತುತ್ತು ಅಂದ್ರೆ ತಾಮ್ರ, ನಮ್ಮ ಮೆದು ನೀರಲ್ಲಿ ಅದರ ವಿಷ ಮೀನಿಗೆ ಇನ್ನೂ ಜೋರು. ತೋಟಕ್ಕೆ ಮದ್ದು ಬಿಡುವ ದಿನ ಟ್ಯಾಂಕಿ ಮುಚ್ಚಿ, ಮದ್ದು ಕಲಸಿದ ಬಕೆಟನ್ನು ಟ್ಯಾಂಕಿಯ ಹತ್ತಿರವೂ ತರಬೇಡಿ.

ಪ್ರಶ್ನೆ: ಕುಂಬಳೆ ಕಡೆ ಹಿನ್ನೀರಿನ ಬದಿಯಲ್ಲಿ ವೆನಾಮಿ ಸಿಗಡಿ ಕೆರೆ. ಎರಡು ದಿನ ಜಡಿಮಳೆ ಬಂದ್ರೆ ಸಿಗಡಿ ತಿನ್ನುದಿಲ್ಲ, ಚಿಪ್ಪು ಮೆತ್ತಗೆ, ಕೆಲವು ಸತ್ತೂ ಹೋಗ್ತವೆ. ರೋಗವಾ?

ಉತ್ತರ: ರೋಗವೂ ಇರಬಹುದು, ಸತ್ತದ್ದನ್ನು ಪರೀಕ್ಷೆಗೆ ಕೊಡಿ, ಆದ್ರೆ ಮೊದಲು ನೀರು ನೋಡಿ. ಮಳೆನೀರು ಹಗುರ, ಉಪ್ಪುನೀರಿನ ಮೇಲೆ ಪದರವಾಗಿ ನಿಲ್ತದೆ, ಅಡಿಗೆ ಆಕ್ಸಿಜನ್ ಹೋಗುದಿಲ್ಲ, ಸಿಗಡಿ ಇರುದು ಅಡಿಯಲ್ಲೇ. ಅಡಿಯ ಕೆಸರು ಒಂದು ಮುಷ್ಟಿ ತೆಗೆದು ಮೂಸಿ, ಕಪ್ಪಾಗಿ ಕೊಳೆತ ಮೊಟ್ಟೆ ವಾಸನೆ ಬಂದ್ರೆ ಹೈಡ್ರೋಜನ್ ಸಲ್ಫೈಡ್. ಅಮೋನಿಯಾ ಪಿಎಚ್ ಏರಿದಾಗ ಕೊಲ್ಲುದಾದ್ರೆ ಇದು ಪಿಎಚ್ ಇಳಿದಾಗ ಜೋರು, ಮಳೆ ಪಿಎಚ್ ಇಳಿಸ್ತದೆ. ಹಾಗಾಗಿ ಮಳೆ ಬರುವಾಗ ಮೇಲಿನ ನೀರನ್ನು ತೂಬಿಂದ ಹೊರಗೆ ಬಿಡಿ, ಪ್ಯಾಡಲ್ ವೀಲ್ (ನೀರು ಕಡೆದು ಗಾಳಿ ಸೇರಿಸುವ ಚಕ್ರ) ನಿಲ್ಲಿಸಬೇಡಿ, ಫೀಡ್ ಅರ್ಧ ಮಾಡಿ, ತಿನ್ನದ ಫೀಡೇ ಮತ್ತೆ ಕೊಳೆತು ಕೆಸರಾಗುದು. ಮಳೆಗೆ ಮೊದಲೇ ಬದುಗಳಿಗೆ ಕೃಷಿ ಸುಣ್ಣ (ಸುಣ್ಣಕಲ್ಲಿನ ಹುಡಿ, ಮೇಲೆ ಹೇಳಿದ ನೀರುಹಾಕಿದ ಸುಣ್ಣ ಅಲ್ಲ) ಎರಚಿ. ಚಿಪ್ಪು ಗಟ್ಟಿಯಾಗ್ಲಿಕ್ಕೆ ಕ್ಯಾಲ್ಸಿಯಂ, ಮೆಗ್ನೀಷಿಯಂ, ಆಲ್ಕಲಿನಿಟಿ ಬೇಕು, ಉಪ್ಪಿನಂಶ ಬಿದ್ದಾಗ ಇವೂ ಬೀಳ್ತವೆ, ಡಾಲಮೈಟ್ ಮತ್ತು ಮಿನರಲ್ ಮಿಕ್ಸ್ ಕೊಡಿ. ಹಾಗೇ ಕರಾವಳಿಯ ಸಿಗಡಿ ಕೆರೆಗಳಿಗೆ 2005ರ ಕಾಯ್ದೆ ಪ್ರಕಾರ ಕೋಸ್ಟಲ್ ಅಕ್ವಾಕಲ್ಚರ್ ಅಥಾರಿಟಿಯ ನೋಂದಣಿ ಬೇಕು, ಇಲ್ಲದಿದ್ರೆ ಮಾಡಿಸಿ.

ಪ್ರಶ್ನೆ: ಬಯೋಫ್ಲಾಕ್‌ಗೆ ಬೆಲ್ಲ ಎಷ್ಟು ಹಾಕುದು? ಒಬ್ಬೊಬ್ಬರು ಒಂದೊಂದು ಹೇಳ್ತಾರೆ. (ಉಪ್ಪಳ)

ಉತ್ತರ: ಬೆಲ್ಲ ತಿಂದು ಬೆಳೆಯುವ ಬ್ಯಾಕ್ಟೀರಿಯಾ ಅಮೋನಿಯಾವನ್ನು ಎಳ್ಕೊಳ್ತದೆ, ಹಾಗಾಗಿ ಅಮೋನಿಯಾ ನೋಡಿ ಹಾಕಿ, ಅಂದಾಜಿಗಲ್ಲ. ಒಂದು ಗ್ರಾಂ ಅಮೋನಿಯಾಕ್ಕೆ ಸುಮಾರು 15 ಗ್ರಾಂ ಬೆಲ್ಲ, ಅಂದ್ರೆ 12,500 ಲೀಟರಿನ ಟ್ಯಾಂಕಿಯಲ್ಲಿ ಅಮೋನಿಯಾ 1 ಇದ್ರೆ 190 ಗ್ರಾಂ. ಕರಗಿಸಿ ಬೆಳಗ್ಗೆ ಹಾಕಿ, ರಾತ್ರಿ ಬೇಡವೇ ಬೇಡ, ಬೆಲ್ಲ ತಿಂದ ಬ್ಯಾಕ್ಟೀರಿಯಾ ಆಕ್ಸಿಜನ್ ಎಳೀತದೆ, ಬೆಳಗಿನ ಜಾವಕ್ಕೆ ಹೇಗೂ ಆಕ್ಸಿಜನ್ ಕಮ್ಮಿ. ಫ್ಲಾಕ್ ಕೋನಲ್ಲಿ (ಗೆರೆ ಇರುವ ಚೂಪು ಪಾತ್ರೆ) ಒಂದು ಲೀಟರ್ ನೀರು ಅರ್ಧ ಗಂಟೆ ಇಟ್ಟು ನೋಡುವಾಗ ಅಡಿಗೆ ಕೂತ ಫ್ಲಾಕ್ ತಿಲಾಪಿಯಾಕ್ಕೆ 50 ಮಿಲಿ ದಾಟಿದ್ರೆ ಬೆಲ್ಲ ನಿಲ್ಲಿಸಿ ಅಡಿಯ ಕೆಸರು ಬಿಡಿ.

ಪ್ರಶ್ನೆ: ಮಳೆಗಾಲದಲ್ಲಿ ರಾತ್ರಿ ಕರೆಂಟ್ ಹೋಗಿ ಗಾಳಿ ನಿಂತ್ರೆ ಮೀನು ಎಷ್ಟು ಹೊತ್ತು ತಡೀತದೆ? (ಪೆರ್ಲ)

ಉತ್ತರ: ಮೀನು ಒತ್ತೊತ್ತಾಗಿರುವ ಬಯೋಫ್ಲಾಕ್ ಟ್ಯಾಂಕಿಯಲ್ಲಿ ಒಂದು ಗಂಟೆಯನ್ನೂ ನಂಬಬೇಡಿ. ಇನ್ವರ್ಟರ್ ತಾನಾಗಿ ಆನ್ ಆಗುವ ಹಾಗೆ ಮಾಡಿ, ಕರೆಂಟ್ ಹೋದ್ರೆ ಕೂಗುವ ಅಲಾರಂ ಮಲಗುವ ಕೋಣೆಯಲ್ಲೇ ಇರ್ಲಿ. ಗಾಳಿ ಇಲ್ಲದ ಹೊತ್ತಲ್ಲಿ ಫೀಡ್ ಹಾಕಬೇಡಿ.